ಮಚ್ಚಿನ ಬಾಯಿ, ಮಚ್ಚಿನ ಹಿಡಿ

ಸಂತೆಯಲ್ಲಿ ಕೊಂಡ ಮಚ್ಚಿನಲ್ಲಿ ಅರ್ಧ ಕೆಲಸ ಬಾಕಿ ಇರುತ್ತದೆ. ಅದು ಯಾರ ಕೈಗೆ ಹೋಗುತ್ತದೆ, ಏನನ್ನು ಕಡಿಯುತ್ತದೆ ಎಂಬುದು ಬಡಿದ ಆಚಾರಿಗೆ ಗೊತ್ತಿರುವುದಿಲ್ಲ. ಮಂಡ್ಯದ ಸುತ್ತ ಕಬ್ಬಿನ ಗದ್ದೆಗೆ ಇಳಿಯಬಹುದು, ಮದ್ದೂರಿನಲ್ಲಿ ಎಳನೀರು ಕೆತ್ತಬಹುದು, ಮಳವಳ್ಳಿ ಕಡೆ ಹಿಪ್ಪುನೇರಳೆ ಕಡ್ಡಿ ಕತ್ತರಿಸಬಹುದು. ಮೂರಕ್ಕೂ ಒಂದೇ ಬಾಯಿ ಒಗ್ಗುವುದಿಲ್ಲ. ಉಳಿದರ್ಧವನ್ನು ಜಗಲಿಯ ಮೇಲೆ ಕೂತು ಅರ, ಸಾಣೆಕಲ್ಲು, ಉಪ್ಪು ಕಾಗದ ಇಟ್ಟುಕೊಂಡು ನಾವೇ ಮಾಡಿಕೊಳ್ಳಬಹುದು. ಕರೆಂಟಿನ ಗ್ರೈಂಡರ್ ಮಾತ್ರ ಬೇಡ. ಯಾಕೆಂದು ತಿಳಿಯಲು ಉಕ್ಕಿನ ಒಳಗೆ ಇಣುಕಬೇಕು.

ಗಟ್ಟಿ ಮಚ್ಚಿಗೆ ಕುಲುಮೆಯವರು ಹಳೆಯ ಲಾರಿಯ ಕಮಾನು ಪಟ್ಟಿಯನ್ನು ಹುಡುಕುತ್ತಾರೆ. ಅದರಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.5ರಿಂದ 0.6ರಷ್ಟು. ಕೆಂಪಗೆ ಕಾದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ ಇಂಗಾಲ ಅದರೊಳಗೆ ಕರಗುತ್ತದೆ. ಆಗ ತಟ್ಟನೆ ಎಣ್ಣೆಗೋ ನೀರಿಗೋ ಅದ್ದಿದರೆ ಇಂಗಾಲಕ್ಕೆ ಹೊರಬರಲು ಸಮಯವಿಲ್ಲದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಬಿಗಿತವೇ ಗಡಸುತನ. ಈ ರಚನೆಯ ಹೆಸರು ಮಾರ್ಟೆನ್‌ಸೈಟ್. ಆದರೆ ಬರೀ ಗಡಸಾದ ಅಲಗು ಗಾಜಿನಂತೆ ಒಡೆಯುತ್ತದೆ. ಅದಕ್ಕೇ ಮತ್ತೊಮ್ಮೆ ಸಣ್ಣಗೆ ಕಾಯಿಸಿ ಹದಕ್ಕೆ ತರುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ, 300ರ ಆಸುಪಾಸಿಗೆ ನೀಲಿ ಬಣ್ಣ ತೋರುತ್ತದೆ. ಮೇಲೆ ಬೆಳೆಯುವ ಆಕ್ಸೈಡ್ ಪದರದ ದಪ್ಪ ಹೆಚ್ಚಿದಂತೆ, ಅದರ ಎರಡು ಮೈಗಳಿಂದ ಮರಳುವ ಬೆಳಕಿನ ಅಲೆಗಳು ಬೆರೆತು ಹುಟ್ಟಿಸುವ ಬಣ್ಣವದು.

ಗ್ರೈಂಡರ್ ಹಿಡಿದಾಗ ಮಚ್ಚಿನ ಬಾಯಲ್ಲಿ ಮಿಂಚುವ ನೀಲಿಯೂ ಇದೇ. ಅಲಗಿನ ಅಂಚಿನಲ್ಲಿ ಲೋಹವೇ ಕಡಿಮೆ. ಬಿಸಿ ಹರಿದುಹೋಗಲು ದಾರಿಯಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಸಿಕ್ಕಿಕೊಂಡಿದ್ದ ಇಂಗಾಲ ಹೊರಬಿದ್ದು ಬಾಯಿ ಮೆತ್ತಗಾಗುತ್ತದೆ. ನೀರಿಗೆ ಅದ್ದಿದರೆ ಹೋದ ಹದ ಬರುವುದಿಲ್ಲ. ಅಷ್ಟು ಭಾಗವನ್ನು ತೇಯ್ದು ತೆಗೆಯಬೇಕು, ಇಲ್ಲವೇ ಕುಲುಮೆಗೇ ಹೋಗಬೇಕು. ಕೈಯಲ್ಲಿ ಆಡಿಸುವ ಅರಕ್ಕೆ ಅಷ್ಟು ಬಿಸಿ ಹುಟ್ಟಿಸುವ ಶಕ್ತಿಯೇ ಇಲ್ಲ. ನಿಧಾನವೇ ಅದರ ಗುಣ.

ಈ ಸೀಮೆಗೆ ಉಕ್ಕಿನ ಹದ ಹೊಸ ವಿದ್ಯೆಯಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮದ್ದೂರಿನ ಪಕ್ಕದ ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ತಯಾರಾಗುತ್ತಿದ್ದ ಉಕ್ಕಿನ ತಂತಿಯ ಬಗ್ಗೆ ಬರೆದಿದ್ದಾನೆ.

ಇನ್ನು ಬಾಯಿ. ಕಬ್ಬಿನ ಬುಡದ ಗೆಣ್ಣುಗಳಲ್ಲಿ ಸಕ್ಕರೆ ಹೆಚ್ಚು, ಹಾಗಾಗಿ ನೆಲಮಟ್ಟಕ್ಕೆ ಕಡಿಯಬೇಕು. ಅಲ್ಲಿ ಮಚ್ಚಿಗೆ ಮರಳು ಸಿಗುತ್ತದೆ. ಮರಳಿನ ಬೆಣಚು ಹದ ಹಾಕಿದ ಉಕ್ಕಿಗಿಂತಲೂ ಗಡಸು. ತೆಳು ಬಾಯಿ ಮಡಚಿಕೊಳ್ಳುತ್ತದೆ, ಇಲ್ಲವೇ ಮುಕ್ಕಾಗುತ್ತದೆ. ಒಂದೊಂದು ಬದಿಗೂ 25 ಡಿಗ್ರಿಯಷ್ಟು ಇಳಿಜಾರು ಕೊಟ್ಟರೆ ಬಾಳಿಕೆ ಬರುತ್ತದೆ. ಹಿಪ್ಪುನೇರಳೆಗೆ ಇದು ಒರಟಾಯಿತು. ಕಡ್ಡಿಯ ತೊಗಟೆ ಸುಲಿಯದೆ ಒಂದೇ ಏಟಿಗೆ ತುಂಡಾಗಬೇಕು, ಮತ್ತೆ ಚಿಗುರಬೇಕಲ್ಲ. 20 ಡಿಗ್ರಿಗೆ ಇಳಿಸಬಹುದು. ಎಳನೀರಿನದು ಇನ್ನೊಂದು ಬಗೆ. ಹಸಿ ನಾರಿನೊಳಗೆ ನುಗ್ಗಿದ ಅಲಗು ಸಿಪ್ಪೆಯನ್ನು ಎಬ್ಬಿಸಿ ಬಿಡಬೇಕು. ಬದಿ ಚಪ್ಪಟೆಯಾಗಿದ್ದರೆ ಮಚ್ಚು ಕಚ್ಚಿಕೊಳ್ಳುತ್ತದೆ. ಕೊಂಚ ಉಬ್ಬಿದ್ದರೆ ಬೆಣೆಯಾಗಿ ಸಿಪ್ಪೆಯನ್ನು ತಳ್ಳುತ್ತದೆ. ಅಲಗಿನ ಮೇಲೆ ಮೂಡುವ ಕಪ್ಪು ಕಲೆ ಸಿಪ್ಪೆಯ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆದದ್ದು. ಅದಕ್ಕೆ ಹೆದರಬೇಕಿಲ್ಲ, ತೊಳೆದು ಒರೆಸಿಟ್ಟರೆ ಸಾಕು.

ಮಚ್ಚನ್ನು ಹಲಗೆಗೆ ಬಿಗಿಯಾಗಿ ಕಟ್ಟಿ, ಕೈಗೆ ದಪ್ಪ ಗವಸು ಹಾಕಿ. ಬಾಯಿಯ ಎರಡೂ ಬದಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ಅರದ ಹಲ್ಲು ಕೊರೆಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ತರುವಾಗ ಎತ್ತಿಬಿಡಿ. ಎರಡು ಸಲ ತಳ್ಳಿ ನೋಡಿ: ಕಪ್ಪು ಅಂಚಿನಲ್ಲೇ ಉಳಿದಿದ್ದರೆ ಅರ ತೀರಾ ಮಲಗಿದೆ, ಅಂಚಿನಲ್ಲಷ್ಟೇ ಹೋಗಿದ್ದರೆ ತೀರಾ ಎದ್ದಿದೆ. ಆಚೆ ಬದಿಗೆ ಲೋಹದ ತೆಳು ಎಳೆ ಮಡಚಿಕೊಂಡರೆ ಅಂಚು ಮುಟ್ಟಿದೆಯೆಂದು ಅರ್ಥ. ಅದನ್ನು ಬೆನ್ನಿನಿಂದ ಅಂಚಿನ ಕಡೆಗೆ ಹೆಬ್ಬೆರಳು ಸವರಿ ತಿಳಿಯಬೇಕು, ಅಂಚಿನುದ್ದಕ್ಕೆ ಎಂದೂ ಅಲ್ಲ. ಆಮೇಲೆ ಬದಿ ಬದಲಿಸಿ, ಕೊನೆಗೆ ಸಾಣೆಕಲ್ಲು.

ಹಿಡಿಯನ್ನು ಜನ ಕಡೆಗಣಿಸುತ್ತಾರೆ. ನನ್ನ ಮಟ್ಟಿಗೆ ಅರ್ಧ ಅಪಾಯ ಅಲ್ಲೇ ಇದೆ. ಗುಂಡನೆಯ ಹಿಡಿ ಒದ್ದೆ ಅಂಗೈಯಲ್ಲಿ ತಿರುಗುತ್ತದೆ, ಬಾಯಿ ಎತ್ತ ನೋಡುತ್ತಿದೆ ಎಂಬುದು ಕೈಗೆ ತಿಳಿಯದು. ಜಾಲಿ ಮರದ ತುಂಡನ್ನು ಮೊಟ್ಟೆಯಾಕಾರದ ಅಡ್ಡಕೊಯ್ತಕ್ಕೆ ತಂದು, ತುದಿಯನ್ನು ಕೊಂಚ ದಪ್ಪ ಬಿಟ್ಟರೆ ಬೀಸುವಾಗ ಜಾರುವುದಿಲ್ಲ. ಒಡೆದ ಗಾಜಿನ ಅಂಚಿನಿಂದ ಹೆರೆದರೆ ಮರ ತೆಳ್ಳಗೆ ಸುರುಳಿಯಾಗಿ ಏಳುತ್ತದೆ. ಇದಕ್ಕೂ ಗವಸು ಬೇಕು. ಆಮೇಲೆ ಉಪ್ಪು ಕಾಗದ ಆಡಿಸಿ, ಅಗಸೆ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಜಿಡ್ಡು ಹಾಗೇ ಉಳಿಯುತ್ತದೆ. ಅಗಸೆ ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕ ಹೀರಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.