ಹಳೆಯ ವಾಹನಗಳಲ್ಲಿ ಪವರ್ ಸ್ಟೀರಿಂಗ್ ಎಣ್ಣೆ ಸೋರಿಕೆ

ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿಗೆ ಮುಟ್ಟಿಸುವುದು, ಅಡಿಕೆಯನ್ನು ಮಂಡಿಗೆ ಸಾಗಿಸುವುದು, ಗೊಬ್ಬರ ತರುವುದು, ಅಪರಾತ್ರಿಯಲ್ಲಿ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಇವೆಲ್ಲಕ್ಕೂ ಬೆಳೆಗಾರನಿಗೆ ತನ್ನ ವಾಹನವೇ ಆಧಾರ. ಮಲೆನಾಡಿನ ಅನೇಕ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ಬೊಲೆರೊ, ಕ್ವಾಲಿಸ್, ಸ್ಕಾರ್ಪಿಯೊ ಮುಂತಾದ ವಾಹನಗಳು ಇಂದಿಗೂ ಓಡುತ್ತಿವೆ. ಪವರ್ ಸ್ಟೀರಿಂಗ್ ಉಳ್ಳ ಇಂತಹ ವಾಹನಗಳಿಗೆ ವಯಸ್ಸಾದಂತೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಎಣ್ಣೆ ಸೋರಿಕೆಯೂ ಒಂದು. ತಿಂಗಳಿಗೊಮ್ಮೆ ಸ್ವಲ್ಪ ಎಣ್ಣೆ ಹಾಕಿದರಾಯಿತೆಂದು ಸುಮ್ಮನಿರುವವರೇ ಹೆಚ್ಚು. ಆದರೆ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಪ್ರಸಂಗ ಬರುವುದು ಇಂತಹ ಅಸಡ್ಡೆಯಿಂದಲೇ.

ಇದು ಕೆಲಸ ಮಾಡುವ ಬಗೆ

ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರ್ 1920ರ ದಶಕದಲ್ಲಿ ರೂಪಿಸಿದ ಈ ವಿಧಾನ, 1951ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನ ಮೂಲಕ ಮಾರುಕಟ್ಟೆಗೆ ಬಂದಿತು. ಅದರ ತತ್ವ ಸರಳವಾದುದು. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು, ಡಬ್ಬಿಯಲ್ಲಿರುವ ಎಣ್ಣೆಯನ್ನು ದಪ್ಪ ಹೋಸಿನ ಮೂಲಕ ಹೆಚ್ಚಿನ ಒತ್ತಡದಲ್ಲಿ ಸ್ಟೀರಿಂಗಿಗೆ ದೂಡುತ್ತದೆ. ಆ ಒತ್ತಡವೇ ಚಕ್ರ ತಿರುಗಿಸಲು ನಮ್ಮ ಕೈಗೆ ನೆರವಾಗುತ್ತದೆ. ಕೆಲಸ ಮುಗಿಸಿದ ಎಣ್ಣೆ ಇನ್ನೊಂದು ಹೋಸಿನಲ್ಲಿ ಡಬ್ಬಿಗೆ ಮರಳುತ್ತದೆ. ಎಣ್ಣೆಯ ಒಟ್ಟು ಪ್ರಮಾಣ ಸಾಮಾನ್ಯವಾಗಿ 1 ಲೀಟರಿನ ಆಸುಪಾಸು ಮಾತ್ರ. ಆದುದರಿಂದ ಹನಿ ಹನಿಯಾಗಿ ಸೋರಿದರೂ ಡಬ್ಬಿ ಬೇಗನೆ ಬರಿದಾಗುತ್ತದೆ.

ಇತ್ತೀಚಿನ ಕಾರುಗಳಲ್ಲಿ ಬಹುಪಾಲು ವಿದ್ಯುತ್ ಮೋಟಾರಿನ ಸ್ಟೀರಿಂಗ್ ಇರುತ್ತದೆ. ಅವುಗಳಲ್ಲಿ ಈ ಎಣ್ಣೆಯೇ ಇಲ್ಲ. ಬಾನೆಟ್ ಕೆಳಗೆ ಸ್ಟೀರಿಂಗ್ ಎಣ್ಣೆಯ ಡಬ್ಬಿ ಇದ್ದರೆ ಮಾತ್ರ ಈ ಲೇಖನ ನಿಮ್ಮ ವಾಹನಕ್ಕೆ ಅನ್ವಯಿಸುತ್ತದೆ.

ಸೋರುವುದು ಯಾವ ಎಣ್ಣೆ?

ರಾತ್ರಿ ವಾಹನ ನಿಲ್ಲಿಸುವಾಗ ಮುಂಭಾಗದ ಅಡಿಯಲ್ಲಿ ಒಂದು ರಟ್ಟನ್ನು ಹಾಸಿರಿ. ಬೆಳಿಗ್ಗೆ ಅದರ ಮೇಲಿನ ಕಲೆಯನ್ನು ಪರೀಕ್ಷಿಸಿರಿ. ಅನೇಕ ವಾಹನಗಳ ಸ್ಟೀರಿಂಗ್ ಎಣ್ಣೆ ಹೊಸದಾಗಿರುವಾಗ ಕೆಂಪು, ಹಳತಾದಾಗ ಕಂದು. ಇಂಜಿನ್ ಆಯಿಲ್ ಕಪ್ಪಾಗಿರುತ್ತದೆ. ಗೇರ್ ಬಾಕ್ಸಿನ ಎಣ್ಣೆ ಗಂಧಕದಂತೆ ಘಾಟು ವಾಸನೆಯಿಂದ ಕೂಡಿದ್ದು ಮಂದವಾಗಿರುತ್ತದೆ. ಎ.ಸಿ.ಯಿಂದ ಬೀಳುವುದು ಬರಿಯ ನೀರು. ಅನುಮಾನವಿದ್ದರೆ ಡಬ್ಬಿಯ ಎಣ್ಣೆಯನ್ನು ಒಂದು ತೊಟ್ಟು ಬಿಳಿ ಕಾಗದಕ್ಕೆ ಹಾಕಿ ಹೋಲಿಸಿ ನೋಡಬಹುದು.

ಬೆಳಿಗ್ಗೆ ಸ್ಟೀರಿಂಗ್ ತಿರುಗಿಸಿದಾಗ ನರಳಿದಂತಹ ಸದ್ದು, ಡಬ್ಬಿಯಲ್ಲಿ ನೊರೆ, ಸ್ಟೀರಿಂಗ್ ಬಿಗಿಯಾಗುವುದು, ಇವು ಎಣ್ಣೆ ಕಡಿಮೆಯಾಗಿ ಗಾಳಿ ಸೇರಿದುದರ ಲಕ್ಷಣಗಳು.

ಸೋರುವ ಸ್ಥಳವನ್ನು ಪತ್ತೆ ಮಾಡುವುದು

ಇಂಜಿನ್ ತಣ್ಣಗಿರುವಾಗ ಡಬ್ಬಿ, ಹೋಸು, ಪಂಪು, ಸ್ಟೀರಿಂಗ್ ಭಾಗಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿರಿ. ಬಳಿಕ ಇಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ನಿಧಾನವಾಗಿ ತಿರುಗಿಸುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ದೂರದಿಂದ ನೋಡಲಿ. ಪೂರ್ತಿ ತಿರುಗಿದ ಸ್ಥಿತಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಆಗ ಒತ್ತಡ ಮಿತಿಮೀರಿ ಏರಿ ಪಂಪು ಕಾಯುತ್ತದೆ.

ಒಂದು ಎಚ್ಚರಿಕೆ: ಇಂಜಿನ್ ಓಡುತ್ತಿರುವಾಗ ಹೋಸನ್ನು ಕೈಯಿಂದ ಸವರಿ ಸೋರಿಕೆ ಹುಡುಕಬೇಡಿರಿ. ಸೂಜಿಯಷ್ಟು ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಬಲ್ಲದು. ರಟ್ಟಿನ ತುಂಡನ್ನು ಹಿಡಿದು ನೋಡುವುದು ಕ್ಷೇಮ. ಸೈಲೆನ್ಸರಿನ ಬಿಸಿ ಭಾಗಕ್ಕೆ ಎಣ್ಣೆ ತಗುಲಿದರೆ ಬೆಂಕಿಯ ಅಪಾಯವೂ ಉಂಟು.

ಸ್ಥಳಕ್ಕೆ ತಕ್ಕ ಪರಿಹಾರ

1. ಮರಳುವ ಹೋಸು: ಇದರಲ್ಲಿ ಒತ್ತಡ ಕಡಿಮೆ. ಬಹಳ ಸಲ ಕ್ಲಿಪ್ ಸಡಿಲಾಗಿರುತ್ತದೆ, ಇಲ್ಲವೆ ತುದಿಯ ರಬ್ಬರು ಸೀಳಿರುತ್ತದೆ. ಎಣ್ಣೆ ತಡೆಯುವ ರಬ್ಬರಿನ ಹೋಸನ್ನೇ ಹಾಕಬೇಕು. ತೋಟದ ನೀರಿನ ಪೈಪು ಈ ಬಿಸಿ ಎಣ್ಣೆಗೆ ತಾಳುವುದಿಲ್ಲ.

2. ಒತ್ತಡದ ಹೋಸು: ಕಬ್ಬಿಣದ ತುದಿ ಕೂಡುವಲ್ಲಿ ಸೋರಿದರೆ ತಂತಿ ಬಿಗಿದು, ಎಂ-ಸೀಲ್ ಮೆತ್ತಿ ಪ್ರಯೋಜನವಿಲ್ಲ. ಹೊಸ ಹೋಸನ್ನೇ ಹಾಕಬೇಕು. ಅದು ದೊರೆಯದಿದ್ದಲ್ಲಿ, ಟ್ರ್ಯಾಕ್ಟರ್ ಮತ್ತು ಜೆಸಿಬಿ ಯಂತ್ರಗಳಿಗೆ ಹೈಡ್ರಾಲಿಕ್ ಹೋಸ್ ತಯಾರಿಸಿ ಕೊಡುವ ಅಂಗಡಿಯಲ್ಲಿ ಅದೇ ಒತ್ತಡಕ್ಕೆ ತಕ್ಕುದನ್ನು ಮಾಡಿಸಬಹುದು. ಜೋಡಣೆಯಲ್ಲಿ ತಾಮ್ರದ ವಾಷರುಗಳಿದ್ದರೆ ಬಿಚ್ಚಿದಾಗಲೆಲ್ಲ ಹೊಸದನ್ನು ಹಾಕಿಸಿರಿ.

3. ಪಂಪಿನ ಆಯಿಲ್ ಸೀಲ್: ಸೀಲ್ ಕಿಟ್ ಹಾಕಿಸಿದರೆ ಸಾಕಾಗಬಹುದು. ಆದರೆ ಒಳಗಿನ ಶಾಫ್ಟ್ ಸವೆದಿದ್ದರೆ ಅಥವಾ ಅಲುಗಾಡುತ್ತಿದ್ದರೆ ಹೊಸ ಸೀಲೂ ಬಾಳಿಕೆ ಬಾರದು. ಇದನ್ನು ಮೆಕ್ಯಾನಿಕ್ಕಿನಿಂದ ಮೊದಲೇ ಕೇಳಿ ತಿಳಿಯಿರಿ.

4. ಸ್ಟೀರಿಂಗ್ ಬಾಕ್ಸ್ ಅಥವಾ ರ‍್ಯಾಕ್: ಬಾಕ್ಸಿನಲ್ಲಿ ಕೆಳಗಿನ ಶಾಫ್ಟಿನ ಸೀಲ್ ಸೋರುವುದು ಹೆಚ್ಚು. ರ‍್ಯಾಕ್ ಇರುವ ವಾಹನಗಳಲ್ಲಿ ಎರಡು ತುದಿಯ ರಬ್ಬರ್ ಬೂಟುಗಳನ್ನು ಹಿಸುಕಿ ನೋಡಿರಿ. ಒಳಗೆ ಎಣ್ಣೆ ತುಂಬಿದ್ದರೆ ಸೀಲ್ ಹೋಗಿದೆಯೆಂದು ಅರ್ಥ. ಇದು ನುರಿತವರ ಕೆಲಸ.

ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರಾವಣಗಳು ಗಟ್ಟಿಯಾದ ಸೀಲನ್ನು ಸ್ವಲ್ಪ ಮೆತ್ತಗಾಗಿಸಿ, ಅಲ್ಪ ಸೋರಿಕೆಯನ್ನು ಕೆಲಕಾಲ ತಡೆಯಬಹುದು. ಸೀಳಿದ ಹೋಸಿಗೆ ಇವು ಮದ್ದಲ್ಲ.

ಎಣ್ಣೆ ಹಾಕುವಾಗ

ವಾಹನದ ಕೈಪಿಡಿಯಲ್ಲಿ ಅಥವಾ ಡಬ್ಬಿಯ ಮುಚ್ಚಳದ ಮೇಲೆ ಹೇಳಿದ ಎಣ್ಣೆಯನ್ನೇ ಬಳಸಿರಿ. ಬ್ರೇಕ್ ಆಯಿಲನ್ನು ಎಂದಿಗೂ ಹಾಕಬಾರದು. ಅದು ಸ್ಟೀರಿಂಗಿನ ಸೀಲುಗಳನ್ನು ಕೆಡಿಸಿ, ಒಂದು ಕಡೆಯ ಸೋರಿಕೆಯನ್ನು ಹತ್ತು ಕಡೆಗೆ ಹರಡುತ್ತದೆ.

ರಿಪೇರಿಯ ನಂತರ ಗಾಳಿಯನ್ನು ಹೊರಹಾಕಬೇಕು. ಮುಂದಿನ ಚಕ್ರಗಳನ್ನು ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಿಯೇ ಸ್ಟೀರಿಂಗನ್ನು ಹದಿನೈದು ಇಪ್ಪತ್ತು ಸಲ ಎಡಬಲಕ್ಕೆ ತಿರುಗಿಸಿರಿ. ಎಣ್ಣೆ ಇಳಿದಂತೆ ತುಂಬುತ್ತಿರಿ. ಗುಳ್ಳೆ ನಿಂತ ಮೇಲೆ ಇಂಜಿನ್ ಚಾಲೂ ಮಾಡಿ ಅದನ್ನೇ ನಿಧಾನವಾಗಿ ಮಾಡಿರಿ. ಗುರುತಿಗಿಂತ ಹೆಚ್ಚು ತುಂಬಬೇಡಿರಿ.

ಘಾಟಿಯಲ್ಲಿ ಎಣ್ಣೆ ಖಾಲಿಯಾದರೆ

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಎಣ್ಣೆ ಪೂರ್ತಿ ಹೋಯಿತೆನ್ನಿ. ಚಕ್ರಕ್ಕೂ ಸ್ಟೀರಿಂಗಿಗೂ ಇರುವ ಸಂಬಂಧ ಕಡಿಯುವುದಿಲ್ಲ, ನೆರವು ಮಾತ್ರ ನಿಲ್ಲುತ್ತದೆ. ಆದರೆ ಹೇರು ತುಂಬಿದ ವಾಹನವನ್ನು ಹೇರ್‌ಪಿನ್ ತಿರುವಿನಲ್ಲಿ ತಿರುಗಿಸಲು ಇಮ್ಮಡಿ, ಮುಮ್ಮಡಿ ಬಲ ಬೇಕಾಗುತ್ತದೆ. ಕೂಡಲೇ ವೇಗ ತಗ್ಗಿಸಿ, ಅಗಲವಾದ ಸ್ಥಳದಲ್ಲಿ ನಿಲ್ಲಿಸಿರಿ. ಎಣ್ಣೆಯಿಲ್ಲದೆ ಓಡಿಸಿದರೆ ಪಂಪು ಸುಟ್ಟುಹೋಗುತ್ತದೆ. ಎಣ್ಣೆ ಬೆಲ್ಟಿಗೆ ತಗುಲಿ ಜಾರತೊಡಗಿದರೆ ತೊಂದರೆ ಅಲ್ಲಿಗೇ ನಿಲ್ಲದು. ಅನೇಕ ವಾಹನಗಳಲ್ಲಿ ಡೈನಮೊ ಮತ್ತು ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು.

ಡೀಸೆಲ್ ಉಳಿಸಲೆಂದು ಇಂಜಿನ್ ಆರಿಸಿ ಘಾಟಿ ಇಳಿಯುವ ಅಭ್ಯಾಸ ಕೆಲವರಲ್ಲಿದೆ. ಆಗ ಸ್ಟೀರಿಂಗಿನ ನೆರವು ಒಡನೆಯೇ ನಿಲ್ಲುತ್ತದೆ, ಬ್ರೇಕಿನ ಬಲವೂ ಕುಗ್ಗುತ್ತದೆ. ಕೀಲಿ ತೆಗೆದರಂತೂ ಸ್ಟೀರಿಂಗೇ ಲಾಕ್ ಆಗಬಹುದು. ಉಳಿಸಿದ ಡೀಸೆಲ್ ಜೀವಕ್ಕೆ ಸಮನಲ್ಲ.

ಮಳೆಗಾಲಕ್ಕೆ ಮುನ್ನ

ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಫಲ ಅಷ್ಟಕ್ಕಷ್ಟೇ ಎಂಬುದು ಅಡಿಕೆ ಬೆಳೆಗಾರರಿಗೆ ತಿಳಿದ ವಿಷಯ. ವಾಹನಕ್ಕೂ ಇದೇ ನ್ಯಾಯ. ಮೇ ತಿಂಗಳಲ್ಲಿಯೇ ರಬ್ಬರ್ ಬೂಟುಗಳನ್ನು ನೋಡಿಸಿರಿ. ಹರಿದ ಬೂಟಿನೊಳಗೆ ತೋಟದ ರಸ್ತೆಯ ಕೆಸರು ಹೊಕ್ಕರೆ ಸರಳಿಗೆ ತುಕ್ಕು ಹಿಡಿದು ಸೀಲನ್ನು ಕೊರೆಯುತ್ತದೆ. ಅಲ್ಪ ಬೆಲೆಯ ಬೂಟಿನ ಉದಾಸೀನದಿಂದ ಇಡೀ ರ‍್ಯಾಕ್ ಬದಲಾಯಿಸಬೇಕಾದೀತು. ಇಲಿ ಕಡಿದ ಗುರುತಿದೆಯೇ ಎಂದು ಹೋಸುಗಳನ್ನು ನೋಡಿರಿ. ಬಾನೆಟ್ ಒಳಗೆ ಸೇರಿದ ತರಗೆಲೆ ತೆಗೆಯಿರಿ. ಎಣ್ಣೆ ಕಪ್ಪಾಗಿದ್ದರೆ ಬದಲಾಯಿಸಿರಿ. ತೆಗೆದ ಹಳೆಯ ಎಣ್ಣೆಯನ್ನು ಹಳ್ಳಕ್ಕೋ ತೋಟದ ಕಪ್ಪಿಗೋ ಚೆಲ್ಲದೆ ಕ್ಯಾನಿನಲ್ಲಿ ಶೇಖರಿಸಿ ಗ್ಯಾರೇಜಿಗೆ ಕೊಡಿರಿ. ಆ ನೀರನ್ನೇ ಕೆಳಗಿನ ತೋಟದವರು ಬಳಸುತ್ತಾರೆ.

ವಾರಕ್ಕೊಮ್ಮೆ ಡಬ್ಬಿಯ ಮಟ್ಟ ನೋಡಲು ಎರಡು ನಿಮಿಷ ಸಾಕು. ಒಮ್ಮೆ ತುಂಬಿದ ಎಣ್ಣೆ ಮತ್ತೆ ಇಳಿದಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದೇ ತಿಳಿದು, ಮುಂದಿನ ಹೇರು ಏರಿಸುವ ಮೊದಲು ಸರಿಪಡಿಸಿಕೊಳ್ಳತಕ್ಕದ್ದು.