ಮೊರದಲ್ಲಿನ ದುಡಿಮೆ ಯಾವ ಕಾಲಮಿಗೆ?

ಜನಗಣತಿಗೆ ಬಂದ ಶಾಲೆಯ ಟೀಚರು ಮಂಗಳೂರಿನ ಹೊರಭಾಗದ ಒಂದು ಮನೆಯ ಜಗಲಿಯಲ್ಲಿ ಕೂತಿದ್ದಾರೆ ಎಂದಿಟ್ಟುಕೊಳ್ಳಿ. "ನೀವು ಎಂತ ಕೆಲಸ ಮಾಡುವುದು ಅಕ್ಕ?" ಎಂದು ಕೇಳುತ್ತಾರೆ. ಎದುರಿಗಿರುವ ಹೆಂಗಸಿನ ಮಡಿಲಲ್ಲಿ ಮೊರ. ಮೊರದಲ್ಲಿ ಕತ್ತರಿಸಿಟ್ಟ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಬೆರಳು ನಿಲ್ಲಿಸದೆಯೇ ಆಕೆ ಹೇಳುತ್ತಾಳೆ: "ಕೆಲಸಕ್ಕೆಲ್ಲ ಹೋಗುವುದಿಲ್ಲ ಟೀಚರ್. ಮನೆಯಲ್ಲೇ ಇರುವುದು."

ಟೀಚರು ಅಷ್ಟಕ್ಕೇ ಪೆನ್ನು ಊರಿದರೆ ಆಕೆ ‘ದುಡಿಯದವಳು’. ಇನ್ನೊಂದು ಪ್ರಶ್ನೆ ಕೇಳಿದರೆ, ‘ವಾರಕ್ಕೆ ಎಷ್ಟು ಬೀಡಿ ಬ್ರಾಂಚಿಗೆ ಕೊಡುತ್ತೀರಿ’ ಎಂದರೆ, ಆಕೆ ಗೃಹ ಕೈಗಾರಿಕೆಯ ಕೆಲಸಗಾರ್ತಿ. ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕೇಂದ್ರವೇ ಈ ಬ್ರಾಂಚು. 2011ರ ಜನಗಣತಿ ದುಡಿಯುವವರನ್ನು ನಾಲ್ಕೇ ಗುಂಪಾಗಿ ಮಾಡಿತ್ತು: ಬೇಸಾಯಗಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು, ಇತರರು. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ‘ಮುಖ್ಯ’ ದುಡಿಮೆಗಾರರು, ಅದಕ್ಕಿಂತ ಕಡಿಮೆ ದುಡಿದವರು ‘ಅಲ್ಪಾವಧಿ’ ದುಡಿಮೆಗಾರರು. ಒಂದು ಊರಿನಲ್ಲಿ ಯಾವ ಉದ್ದಿಮೆಯಲ್ಲಿ ಎಷ್ಟು ಮಂದಿ ಎಂಬ ಪಟ್ಟಿಯನ್ನು ಕಂಡಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಜಗಲಿ. ಪಟ್ಟಿಯ ಪ್ರತಿ ಅಂಕಿಯೂ ಇಂಥದೊಂದು ಮಾತುಕತೆಯಿಂದ ಬಂದದ್ದು.

ಪಟ್ಟಿ ಓದುವ ಮುನ್ನ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಉದ್ದಿಮೆ ಬೇರೆ, ಕಸುಬು ಬೇರೆ. ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಆಂಬುಲೆನ್ಸ್ ಓಡಿಸುವವನ ಕಸುಬು ಚಾಲಕನದು, ಉದ್ದಿಮೆ ಮಾತ್ರ ಆರೋಗ್ಯ. ಅದೇ ಮನುಷ್ಯ ನಾಳೆ ಸಿಟಿ ಬಸ್ಸಿಗೆ ಸೇರಿದರೆ ಕೈಯಲ್ಲಿನ ಸ್ಟೇರಿಂಗು ಬದಲಾಗುವುದಿಲ್ಲ, ಉದ್ದಿಮೆ ಸಾರಿಗೆಗೆ ಹೋಗುತ್ತದೆ. ಉದ್ದಿಮೆಗಳನ್ನು ವಿಂಗಡಿಸಲು ನಮ್ಮ ದೇಶದಲ್ಲಿ ಬಳಕೆಗೆ ಬಂದ 2008ರ ರಾಷ್ಟ್ರೀಯ ವರ್ಗೀಕರಣದಲ್ಲಿ ‘ಎ’ಯಿಂದ ‘ಯು’ವರೆಗೆ 21 ವಿಭಾಗಗಳಿವೆ. ಅದರಲ್ಲಿ ‘ಸಿ’ ಎಂದರೆ ತಯಾರಿಕೆ. ಸುರತ್ಕಲ್ ಬಳಿಯ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರವೂ ‘ಸಿ’, ಜಗಲಿಯ ಮೊರವೂ ‘ಸಿ’. ಮೊದಲನೆಯದು ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಶುದ್ಧಮಾಡುವ ಸಾಮರ್ಥ್ಯದ್ದು, ಕಾಯಂ ನೌಕರರು ಮೂರು ಸಾವಿರಕ್ಕಿಂತ ಕಡಿಮೆ. ಇನ್ನೊಂದಕ್ಕೆ ಬಂಡವಾಳವೆಂದರೆ ಒಂದು ಕತ್ತರಿ, ಮತ್ತೆ ಜಿಲ್ಲೆಯ ಉದ್ದಕ್ಕೂ ಹರಡಿಕೊಂಡ ಹೆಂಗಸರ ಕೈಗಳು. ಊರಿನ ಸಂಪತ್ತಿನ ಲೆಕ್ಕದಲ್ಲಿ ಮೊದಲನೆಯದು ಬೆಟ್ಟದಷ್ಟು ಎತ್ತರ. ಅನ್ನದ ಲೆಕ್ಕಕ್ಕೆ ಬಂದರೆ ಎರಡನೆಯದನ್ನು ಬಿಟ್ಟು ಮಾತಾಡಲಾಗದು.

ಮಂಗಳೂರಿನಲ್ಲಿ ದುಡಿಮೆ ಪದರ ಪದರವಾಗಿ ಕೂತಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿ, ಘಟ್ಟದ ತಪ್ಪಲಿನ ಸೌದೆ, ಸಾಗಿಸಲು ದೋಣಿ: ಮೂರೂ ಕೈಗೆಟಕುವಂತಿದ್ದುದರಿಂದ ಹೊಳೆ ಬದಿಯಲ್ಲಿ ಒಂದರ ಹಿಂದೊಂದು ಚಿಮಣಿ ಎದ್ದವು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಅವು ಒಂದೊಂದಾಗಿ ತಣ್ಣಗಾದವು. ಗೇರುಬೀಜದ ಕಾರ್ಖಾನೆಗಳು ಇಂದಿಗೂ ಇವೆ. ಊರಿನ ಗೇರು ಸಾಲದೆ ಆಫ್ರಿಕಾದಿಂದ ಹಡಗಿನಲ್ಲಿ ಬೀಜ ಬರುತ್ತದೆ. ಸಿಪ್ಪೆಯ ಎಣ್ಣೆಗೆ ಅಂಗೈ ಸುಟ್ಟುಕೊಂಡು ಬೀಜ ಒಡೆದವರೂ ಸುಲಿದವರೂ ಬಹುಪಾಲು ಹೆಂಗಸರೇ. ಈಗ ಆ ಕೆಲಸದ ದೊಡ್ಡ ಪಾಲನ್ನು ಯಂತ್ರ ವಹಿಸಿಕೊಂಡಿದೆ.

ಬ್ಯಾಂಕು ಇನ್ನೊಂದು ಪದರ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದ್ದು ಇದೇ ಊರಲ್ಲಿ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದೂ ಇಲ್ಲೇ. ಎಪ್ಪತ್ತರ ದಶಕದ ನಡುವೆ ಪಣಂಬೂರಿನ ಹೊಸ ಬಂದರು, ಅದರ ಬೆನ್ನಿಗೇ ರಸಗೊಬ್ಬರದ ಕಾರ್ಖಾನೆ ಬಂದವು. ಈಗ ಕಣ್ಣಿಗೆ ಎದ್ದು ಕಾಣುವುದು ಆಸ್ಪತ್ರೆ ಮತ್ತು ಕಾಲೇಜು. ಕಾಸರಗೋಡಿನಿಂದ, ಕೊಡಗಿನಿಂದ, ಚಿಕ್ಕಮಗಳೂರಿನಿಂದ ರೋಗಿಗಳು ಬರುತ್ತಾರೆ. ಅವರ ಜೊತೆ ಬಂದವರಿಗೆ ಊಟ ಬೇಕು, ಕೋಣೆ ಬೇಕು, ರಿಕ್ಷಾ ಬೇಕು.

ಇಂಥ ಕಡೆ ಅರ್ಥಶಾಸ್ತ್ರದವರು ಒಂದು ಸರಳ ಭಾಗಾಕಾರ ಮಾಡುತ್ತಾರೆ. ಉದಾಹರಣೆಗೆಂದೇ ಹಿಡಿದ ಅಂಕಿ ಇದು: ಊರಿನ ನೂರು ದುಡಿಮೆಗಾರರಲ್ಲಿ 9 ಮಂದಿ ಆರೋಗ್ಯ ಕ್ಷೇತ್ರದಲ್ಲಿದ್ದು, ಇಡೀ ರಾಜ್ಯದಲ್ಲಿ ನೂರಕ್ಕೆ 3 ಮಂದಿ ಇದ್ದರೆ, 9ನ್ನು 3ರಿಂದ ಭಾಗಿಸಿದಾಗ 3 ಬರುತ್ತದೆ. ಒಂದಕ್ಕಿಂತ ಹೆಚ್ಚು ಬಂತೆಂದರೆ ಆ ಊರು ತನಗೆ ಬೇಕಾದ್ದಕ್ಕಿಂತ ಹೆಚ್ಚಾಗಿ ಆ ಕೆಲಸ ಮಾಡಿ ಹೊರಗಿನವರಿಗೂ ಒದಗಿಸುತ್ತಿರಬಹುದು, ಹೊರಗಿನ ದುಡ್ಡು ಊರೊಳಗೆ ಬರುತ್ತಿರಬಹುದು. ಆ ದುಡ್ಡು ಕ್ಯಾಂಟೀನಿಗೆ, ಕಿರಾಣಿ ಅಂಗಡಿಗೆ, ಹೊಲಿಗೆಯವನಿಗೆ ಇಳಿಯುತ್ತದೆ. ಹಿಂದೆ ಹಂಚು ಹಡಗೇರಿ ಹೋಗಿ ತರುತ್ತಿದ್ದ ದುಡ್ಡನ್ನು ಈಗ ರೋಗಿಯೂ ವಿದ್ಯಾರ್ಥಿಯೂ ಬಸ್ಸಿನಲ್ಲಿ ಹೊತ್ತು ತರುತ್ತಾರೆ.

ಆದರೆ ಕೊಲ್ಲಿ ನಾಡಿನಿಂದ ಪ್ರತಿ ತಿಂಗಳು ಬರುವ ಹಣಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುವ ಮಗನನ್ನು ಮಂಗಳೂರಿನ ದುಡಿಮೆಗಾರನೆಂದು ಯಾರೂ ಎಣಿಸುವುದಿಲ್ಲ. ಅವನ ಹಣದಲ್ಲಿ ಎದ್ದ ಮನೆಗೆ ಕಲ್ಲು ಕಟ್ಟಿದ ಮೇಸ್ತ್ರಿ ಮಾತ್ರ ‘ನಿರ್ಮಾಣ’ದಡಿ ಸಿಗುತ್ತಾನೆ.

ಎಣಿಸುವ ಕಾಲವೂ ಲೆಕ್ಕವನ್ನು ತಿರುಗಿಸಿಬಿಡುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ದೂರದ ಊರುಗಳಿಂದ ಬಂದ ಬೋಟಿನ ಕೆಲಸಗಾರರಲ್ಲಿ ಹೆಚ್ಚಿನವರು ಮನೆಗೆ ಹೋಗಿರುತ್ತಾರೆ. 2017ರಲ್ಲಿ ಶುರುವಾದ ನಿಯತಕಾಲಿಕ ಕಾರ್ಮಿಕ ಸಮೀಕ್ಷೆ ಎರಡು ಬಗೆಯಲ್ಲಿ ಕೇಳುತ್ತದೆ: ಹಿಂದಿನ 365 ದಿನಗಳಲ್ಲಿ ಏನು ಮಾಡಿದಿರಿ? ಹಿಂದಿನ 7 ದಿನಗಳಲ್ಲಿ ಏನು ಮಾಡಿದಿರಿ? ಆ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೂ ಕೆಲಸವಿದ್ದಂತೆ. ಜುಲೈ ನಡುವಿನ ವಾರದಲ್ಲಿ ಕೇಳಿದರೆ ಬಲೆ ಹೆಣೆಯುತ್ತಿದ್ದವನು ಲೆಕ್ಕಕ್ಕೆ ಸಿಕ್ಕಾನು, ಬರಿದೇ ಕೂತವನು ಸಿಗಲಾರ. ವರ್ಷದ ಪ್ರಶ್ನೆಗೆ ಇಬ್ಬರೂ ಮೀನುಗಾರರೇ. ಎರಡು ಉತ್ತರಗಳೂ ನಿಜ. ಅಂಕಿಯ ಪಕ್ಕದಲ್ಲಿ ಅವಧಿಯನ್ನು ಬರೆಯದೆ ಹೋಗುವುದು ಮಾತ್ರ ತಪ್ಪು.

ಮತ್ತೆ ಮೊರಕ್ಕೆ ಬರೋಣ. ಬೀಡಿಯ ಎಲೆ ಮಧ್ಯ ಭಾರತದ ಕಾಡುಗಳಿಂದ ಬರುತ್ತದೆ, ಹೊಗೆಸೊಪ್ಪು ನಿಪ್ಪಾಣಿಯ ಕಡೆಯಿಂದ, ಗುಜರಾತಿನಿಂದ. ದಕ್ಷಿಣ ಕನ್ನಡದಲ್ಲಿ ಎರಡರಲ್ಲಿ ಒಂದೂ ಬೀಡಿಗೆ ಬೇಕಾದಷ್ಟು ಬೆಳೆಯುವುದಿಲ್ಲ. ಹಾಗಿದ್ದೂ ಉದ್ದಿಮೆ ಇಲ್ಲಿ ಬೇರೂರಿದ್ದು ಕೈಗಳಿಗಾಗಿ, ಅಡುಗೆಯ ನಡುವೆ, ಮಕ್ಕಳು ಶಾಲೆಗೆ ಹೋದ ಮೇಲೆ, ರಾತ್ರಿ ಎಲ್ಲರೂ ಉಂಡ ಮೇಲೆ ಸುತ್ತುವ ಕೈಗಳಿಗಾಗಿ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು ಸಿಗುತ್ತದೆ, ಗಂಟೆಗೆ ಇಷ್ಟು ಎಂದಲ್ಲ. ಹೀಗಾಗಿ ಎಷ್ಟು ಗಂಟೆ ದುಡಿದೆ ಎಂಬುದನ್ನು ಸ್ವತಃ ಆಕೆಯೂ ಎಣಿಸುವುದಿಲ್ಲ. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಒಪ್ಪಿಕೊಂಡಿತ್ತು. ಕಾನೂನು ಒಪ್ಪಿದ್ದನ್ನು ಆಕೆಯ ಬಾಯಿ ಇನ್ನೂ ಒಪ್ಪಿಲ್ಲ: "ಮನೆಯಲ್ಲೇ ಇರುವುದು." ಆ ಮಾತಿನಲ್ಲಿರುವ ಸಂಕೋಚ ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು, ಸೊಸೈಟಿಯ ಸಾಲ ತೀರಿಸಿದ್ದು ಆ ಬೀಡಿ ದುಡ್ಡೇ.

ಕಣ್ಣಿಗೆ ಬೀಳುವ ದುಡಿಮೆಯ ಕತೆ ಬೇರೆ. 2020ರ ಏಪ್ರಿಲ್ 1ರಂದು, ಮಂಗಳೂರಿನಲ್ಲೇ ಪ್ರಧಾನ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಪಾಂಡೇಶ್ವರದ ಕಟ್ಟಡ ಪ್ರಧಾನ ಕಚೇರಿಯಾಗಿ ಉಳಿಯಲಿಲ್ಲ. ಊರು ಅದನ್ನು ಕಂಡಿತು, ಮಾತಾಡಿತು, ಬೇಸರಪಟ್ಟಿತು. ಅದೇ ಬೀಡಿ ಸೇದುವವರು ಕಡಿಮೆಯಾಗಿ, ಬ್ರಾಂಚಿನಲ್ಲಿ ವಾರಕ್ಕೆ ಆರು ದಿನ ಕೊಡುತ್ತಿದ್ದ ಎಲೆಯನ್ನು ಮೂರು ದಿನಕ್ಕೆ ಇಳಿಸಿದರೆ ಅದು ದಾಖಲಾಗುವುದು ಆಕೆಯ ಬ್ರಾಂಚಿನ ಪುಸ್ತಕದಲ್ಲಿ ಮಾತ್ರ. ಮುಂದಿನ ಸಲ ಟೀಚರು ಜಗಲಿಗೆ ಬಂದಾಗ ಆ ಪುಸ್ತಕವನ್ನೂ ತೋರಿಸಿ ಎಂದು ಕೇಳಬೇಕು.