ಬಾಳೆ ನಾರಿನ ಹೊಸ ಉದ್ಯೋಗ

ಬಾಳೆಯ ಗಿಡವು ಗೊನೆ ಹಾಕುವುದು ಒಂದೇ ಸಲ. ಗೊನೆಯನ್ನು ಇಳಿಸಿದೊಡನೆ ಗಿಡವನ್ನು ಕಡಿದು, ಮಗ್ಗುಲಿನ ಕಂದಿಗೆ ಎಡೆಮಾಡಿಕೊಟ್ಟು, ದಿಂಡನ್ನು ಪಲ್ಯಕ್ಕೂ ನಾಲ್ಕಾರು ಪಟ್ಟೆಗಳನ್ನು ಹೂ ಕಟ್ಟುವುದಕ್ಕೂ ತೆಗೆದಿಟ್ಟ ಮೇಲೆ, ಮಿಕ್ಕ ರಾಶಿಯೆಲ್ಲ ತೋಟದ ಮೂಲೆಯಲ್ಲಿ ಕೊಳೆಯುವುದು ವಾಡಿಕೆ. ಹೂವಿನ ದೆಸೆಯಿಂದ ಸ್ವರ್ಗವನ್ನೇರಿದ ಖ್ಯಾತಿಯುಳ್ಳ ಈ ನಾರು ಈಗ ಸ್ತ್ರೀಯರ ಮುಟ್ಟಿನ ದಿನಗಳ ಉಪಯೋಗಕ್ಕೂ ಒದಗಿದೆ. ಅಹಮದಾಬಾದಿನ ‘ಸಾಥಿ’ ಎಂಬ ಸಂಸ್ಥೆಯು ಅದರಿಂದ ಪ್ಯಾಡುಗಳನ್ನು ತಯಾರಿಸುತ್ತಿದೆ.

ಅಂಗಡಿಯ ಪ್ಯಾಡು ಹತ್ತಿಯದೆಂದು ಭಾವಿಸುವವರುಂಟು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗಳಿಗೆಂದು ಮರದ ತಿರುಳಿನಿಂದ ಮಾಡಿದ ಪಟ್ಟಿಯನ್ನು ದಾದಿಯರು ತಮ್ಮ ಅಗತ್ಯಕ್ಕೂ ಬಳಸಿಕೊಂಡರು. 1920ರಲ್ಲಿ ಮಾರಾಟಕ್ಕೆ ಬಂದ ಕೋಟೆಕ್ಸ್ ಪ್ಯಾಡಿನ ಮೂಲ ಅದೇ. ಇಂದಿನ ಸಾಧಾರಣ ಪ್ಯಾಡಿನಲ್ಲಿ ಆ ತಿರುಳಿನ ಜೊತೆಗೆ ದ್ರವವನ್ನು ಹೀರಿ ಲೋಳೆಯಾಗುವ ರಾಸಾಯನಿಕ ಪುಡಿಯೂ, ಮೇಲೆ ಕೆಳಗೆ ಪ್ಲಾಸ್ಟಿಕ್ಕಿನ ಪದರಗಳೂ ಸೇರಿರುತ್ತವೆ. ಮಣ್ಣಿಗೆ ಜೀರ್ಣವಾಗದೆ ಉಳಿಯುವುದು ಇವೇ.

ಬಾಳೆಯ ಪಟ್ಟೆಯನ್ನು ಹಲಗೆಯ ಮೇಲೆ ಹರವಿ ಮೊಂಡು ಅಲಗಿನಿಂದ ಒತ್ತಿ ಎಳೆದರೆ, ನೀರೂ ಲೋಳೆಯೂ ಜಾರಿ, ಮಿರುಗುವ ನೀಳವಾದ ಎಳೆಗಳು ಕೈಗೆ ಬರುತ್ತವೆ. ನೋಡುವುದಕ್ಕೆ ರೇಷ್ಮೆಯಂತಿದ್ದರೂ ಇವು ಹಗ್ಗಕ್ಕೆ ಯೋಗ್ಯವೇ ಹೊರತು ಮೈಗಲ್ಲ. ಎಳೆಗಳನ್ನು ಬಿಗಿಹಿಡಿದಿರುವ ಲಿಗ್ನಿನ್ನನ್ನೂ ಅಂಟನ್ನೂ ಕಳೆದು, ಎಳೆಗಳನ್ನು ಬಿಡಿಸಿ ಅರಳೆಯಂತೆ ಮಾಡಿದಾಗಲೇ, ನೀರಿನಲ್ಲಿ ಸಹಜಪ್ರೀತಿಯುಳ್ಳ ಸೆಲ್ಯುಲೋಸ್ ತನ್ನ ಗುಣವನ್ನು ತೋರುವುದು. ಕತ್ತಾಳೆಯ ಜಾತಿಯ ಸೀಸಲ್ ನಾರನ್ನು ಹೀಗೆ ಸಂಸ್ಕರಿಸಿ, ಅದು ಕೆಲವು ಪ್ಯಾಡುಗಳಲ್ಲಿರುವ ಹತ್ತಿಗಿಂತಲೂ ಹೆಚ್ಚು ಹೀರಬಲ್ಲುದೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದರು.

ಬಾಳೆ ನಾರಿನ ಬಟ್ಟೆಯ ವಿಷಯದಲ್ಲಿ ಜಪಾನಿನ ಓಕಿನಾವಾ ದ್ವೀಪದವರು ಬಹಳ ಮುಂದೆ ಹೋದವರು. ಅಲ್ಲಿನ ಕಿಜೋಕಾ ಗ್ರಾಮದಲ್ಲಿ ಬಾಳೆಯ ಪಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಬಿದಿರಿನಿಂದ ಹೆರೆದು, ತುದಿಗೆ ತುದಿಯನ್ನು ಗಂಟುಹಾಕಿ ನೂಲು ಮಾಡಿ, ಬೇಸಗೆಗೆ ಹಿತವಾದ ‘ಬಾಶೋಫು’ ವಸ್ತ್ರವನ್ನು ನೇಯುತ್ತಾರೆ. 1974ರಲ್ಲಿ ಜಪಾನ್ ಸರ್ಕಾರವು ಈ ಕಲೆಗೆ ಸಾಂಸ್ಕೃತಿಕ ಸಂಪತ್ತೆಂಬ ಮನ್ನಣೆಯಿತ್ತಿತು. ನಮ್ಮ ಆನೆಗೊಂದಿಯ ಹೆಂಗಸರು ಅಷ್ಟು ದೂರ ಹೋಗದೆ, ಒಣಗಿದ ಪಟ್ಟೆಯನ್ನು ಹೊಸೆದು ಬುಟ್ಟಿ, ಚಾಪೆಗಳನ್ನು ಹೆಣೆಯುತ್ತಾರೆ.

ತೋಟದಲ್ಲಿ ಬಿಟ್ಟಿ ದೊರೆಯುವ ನಾರಿನ ಪದಾರ್ಥಕ್ಕೆ ಇಷ್ಟು ಬೆಲೆಯೇಕೆಂದು ಗ್ರಾಹಕರು ಕೇಳುವುದು ಸಹಜ. ಬಾಳೆಯ ಕಾಂಡದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. ನಾರು ಸಿಕ್ಕರೆ ಒಂದೆರಡು ಪಾಲು. ಆ ನೀರನ್ನು ಲಾರಿಯಲ್ಲಿ ಹೇರಿ ಪಟ್ಟಣಕ್ಕೆ ಸಾಗಿಸುವುದು ಯಾರಿಗೂ ಗಿಟ್ಟುವುದಿಲ್ಲವಾದ್ದರಿಂದ, ನಾರು ಬಿಡಿಸುವ ಯಂತ್ರವೇ ತೋಟದ ಬಳಿಗೆ ಬರಬೇಕಾಗುತ್ತದೆ.